ತಂಬಿಗೆಗೆ ಹಾಕಿದ ಪ್ರಶ್ನೆಗಳು

1958ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಭಾರತ ಸರ್ಕಾರದ ಕೈಸೇರಿದ ಒಂದು ಸಣ್ಣ ವರದಿಯು, ಅಂಥ ವರದಿಗಳಲ್ಲಿ ವಾಡಿಕೆಯಾದ ಕೋಷ್ಟಕಗಳನ್ನೂ ಅಂಕಿಗಳನ್ನೂ ಬದಿಗಿರಿಸಿ, ಫಲಾಪೇಕ್ಷೆಯಿಲ್ಲದ ಕರ್ಮವನ್ನು ಕುರಿತ ಭಗವದ್ಗೀತೆಯ ಮಾತುಗಳಿಂದ ಆರಂಭವಾಗುತ್ತದೆ. ಅದನ್ನು ಬರೆದವರು ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿಗಳು. ಪತಿಯು ವಾಸ್ತುಶಿಲ್ಪವನ್ನು ಅಭ್ಯಾಸಮಾಡಿದವನು, ಪತ್ನಿಯು ಚಿತ್ರಕಲಾವಿದೆ. 1955ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಭಾರತದ ವಸ್ತ್ರಗಳ ಮತ್ತು ಅಲಂಕರಣ ಕಲೆಗಳ ದೊಡ್ಡ ಪ್ರದರ್ಶನವೊಂದು ನಡೆದಾಗ ಚಾರ್ಲ್ಸ್ ಈಮ್ಸರಿಗೆ ಭಾರತದ ಕೈಮಗ್ಗ ಕಲೆಗಳ ಪೋಷಕಿಯಾದ ಪುಪುಲ್ ಜಯಕರ್ ಅವರ ಪರಿಚಯವಾಗಿ, ಆ ಪರಿಚಯವು ಬೆಳೆದು, ಕಡೆಗೆ ನಮ್ಮ ಸರ್ಕಾರವೇ ಫೋರ್ಡ್ ಪ್ರತಿಷ್ಠಾನದ ನೆರವಿನೊಡನೆ ಈ ದಂಪತಿಗಳನ್ನು ಆಹ್ವಾನಿಸಿತು. ತಲೆತಲಾಂತರದಿಂದ ಕೈಕಸಬಿನ ಮೇಲೆ ನಿಂತಿದ್ದ ಒಂದು ಪ್ರಾಚೀನ ಸಮಾಜವು ಕಾರ್ಖಾನೆಯ ಉತ್ಪಾದನೆಗೆ ತಿರುಗುವ ಸಂಧಿಕಾಲದಲ್ಲಿ, ಅದರ ನಿತ್ಯೋಪಯೋಗಿ ವಸ್ತುಗಳ ಯೋಗ್ಯತೆಯು ಶೀಘ್ರವಾಗಿ ಕುಸಿಯದಂತೆ ಕಾಪಾಡುವ ಬಗೆ ಯಾವುದು ಎಂಬುದನ್ನು ಅವರು ದೇಶವನ್ನು ಸುತ್ತಿನೋಡಿ ಹೇಳಬೇಕಾಗಿದ್ದಿತು.

ಅವರ ಕಣ್ಣನ್ನು ಸೆರೆಹಿಡಿದದ್ದು ತಂಬಿಗೆ. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ಸಮಸ್ತ ವಸ್ತುಗಳಲ್ಲಿ ಬಹುಶಃ ಇದೇ ಅತ್ಯಂತ ಶ್ರೇಷ್ಠವೂ ಸುಂದರವೂ ಆದದ್ದೆಂದು ಹೇಳಿದ ಅವರು, ಇಂಥದೊಂದು ಪಾತ್ರೆಯನ್ನು ಇಂದು ಹೊಸದಾಗಿ ರೂಪಿಸಬೇಕಾದವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಒಂದರ ಹಿಂದೊಂದರಂತೆ ಪೋಣಿಸುತ್ತಾರೆ. ಒಂದು ಸಲಕ್ಕೆ ಎಷ್ಟು ನೀರನ್ನು ತರಬೇಕು, ಎಷ್ಟನ್ನು ಹೊರಬಹುದು. ಅದನ್ನು ಹಿಡಿಯುವ ಕೈ ಎಂಥದು, ಗಂಡಸಿನದೋ ಹೆಂಗಸಿನದೋ. ಅದು ಸಾಗುವುದು ತಲೆಯ ಮೇಲೋ, ಸೊಂಟದ ಮೇಲೋ, ಗಾಡಿಯಲ್ಲೋ. ಬರಿದಾಗಿರುವಾಗ ಅದರ ಗುರುತ್ವಕೇಂದ್ರ ಎಲ್ಲಿ, ತುಂಬಿರುವಾಗ ಎಲ್ಲಿ, ನೀರು ಹೊಯ್ಯಲೆಂದು ಬಾಗಿಸಿದಾಗ ಎಲ್ಲಿ. ತೊಳೆಯುವ ಕೈಬೆರಳಿಗೆ ಒಳಮೈ ಹೇಗೆ ತಾಕುತ್ತದೆ. ಕಲ್ಲಿನ ಮೇಲೆ ಇಟ್ಟಾಗ, ಮತ್ತೊಂದು ಪಾತ್ರೆಗೆ ತಗುಲಿದಾಗ, ಅದರ ಸದ್ದು ಎಂಥದು. ಲೋಹಕ್ಕೆ ತೆರುವ ಬೆಲೆಗೆ ತಕ್ಕ ಬಾಳಿಕೆಯುಂಟೇ. ಬಿಸಿಲಿನಲ್ಲಿ ಅದು ಹೇಗೆ ಕಾಣುತ್ತದೆ. ಅದನ್ನು ಹೊಂದಿರುವುದರಲ್ಲಿ, ಇನ್ನೊಬ್ಬರಿಗೆ ಕೊಡುವುದರಲ್ಲಿ ಸಂತೋಷವಿದೆಯೇ. ಈ ಪಟ್ಟಿಯನ್ನು ಓದುವ ಕನ್ನಡಿಗನಿಗೆ ನಮ್ಮ ಮನೆಯ ಹಿರಿಯರ ಕೈಯಲ್ಲಿ ಸವೆದ ಹಿತ್ತಾಳೆಯ ತಂಬಿಗೆಗಳು ಸ್ಮರಣೆಗೆ ಬಾರದೆ ಇರವು: ಅವುಗಳ ಕಂಠವು ಕಿರಿದಾಗಿರುವುದರಿಂದಲೇ ಹಗ್ಗದ ಕುಣಿಕೆಯು ಜಾರದೆ ನಿಂತು ಬಾವಿಯೊಳಗೆ ಇಳಿಯಲು ಸಾಧ್ಯವಾಯಿತು, ಅಂಚು ಹೊರಕ್ಕೆ ಮಡಿದಿರುವುದರಿಂದಲೇ ಒದ್ದೆಯಾದ ಬೆರಳಿಗೂ ಹಿಡಿತ ದೊರೆಯಿತು, ಹೊಟ್ಟೆಯು ಎಲ್ಲಿಯೂ ಮೂಲೆಯಿಲ್ಲದಂತೆ ಉರುಟಾಗಿರುವುದರಿಂದಲೇ ಹುಣಿಸೆಹಣ್ಣು ಬೂದಿಗಳ ಉಜ್ಜುವಿಕೆಗೆ ಕೊಳೆಯೆಲ್ಲ ಬಿಟ್ಟುಬಂದಿತು.

ಇದನ್ನು ರೂಪಿಸಿದವರು ಯಾರು? ಒಬ್ಬ ವ್ಯಕ್ತಿಯಲ್ಲ, ಅನೇಕ ತಲೆಮಾರುಗಳ ಅನೇಕ ಜನರು ಎಂಬುದು ಈಮ್ಸ್ ದಂಪತಿಗಳ ಉತ್ತರ. ಹೆಸರಿಲ್ಲದ ಕಂಚುಗಾರರು ಹೆಸರಿಲ್ಲದ ಗೃಹಿಣಿಯರ ಆಕ್ಷೇಪಣೆಗಳನ್ನು ಕೇಳುತ್ತ, ಒಂದು ತಲೆಮಾರಿನಲ್ಲಿ ಕಂಠವನ್ನು ಕೊಂಚ ತಗ್ಗಿಸಿ, ಇನ್ನೊಂದರಲ್ಲಿ ತಳವನ್ನು ಕೊಂಚ ಅಗಲಿಸಿ, ಬಳಕೆಗೆ ಒಗ್ಗದುದನ್ನು ಕೈಬಿಟ್ಟು ಒಗ್ಗಿದುದನ್ನು ಉಳಿಸಿಕೊಂಡು ಬಂದುದರ ಫಲವಿದು. ಆದರೆ ಯಂತ್ರಯುಗದಲ್ಲಿ ಅಷ್ಟು ತಲೆಮಾರುಗಳ ಕಾಲ ಕಾಯಲಾಗದು. ಶತಮಾನಗಳು ಮೆಲ್ಲಮೆಲ್ಲನೆ ಕೇಳಿದ ಪ್ರಶ್ನೆಗಳನ್ನು ಒಬ್ಬ ವಿನ್ಯಾಸಕನು ಕೆಲವೇ ತಿಂಗಳುಗಳಲ್ಲಿ ಪ್ರಜ್ಞಾಪೂರ್ವಕವಾಗಿ ಕೇಳಿ ಮುಗಿಸಬೇಕು. ವಿನ್ಯಾಸವೆಂದರೆ ವಸ್ತುವು ಸಿದ್ಧವಾದ ಮೇಲೆ ಅದರ ಮೇಲೆ ಬಳಿಯುವ ಬಣ್ಣವೆಂದು ತಿಳಿದವರು ನಮ್ಮಲ್ಲಿ ಈಗಲೂ ಬಹಳ ಮಂದಿ ಇದ್ದಾರೆ; ಅವರು ವರದಿಯ ಈ ಒಂದು ಪುಟವನ್ನು ಓದಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ.

ಬೋಧಿಸಿದ್ದನ್ನು ಆ ದಂಪತಿಗಳು ತಾವು ಆಚರಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗಾಯಗೊಂಡ ಯೋಧರ ಕಾಲಿಗೆ ಕಟ್ಟುತ್ತಿದ್ದ ಲೋಹದ ಆಧಾರಪಟ್ಟಿಯು, ಹೊತ್ತು ಸಾಗಿಸುವಾಗ ಉಂಟಾಗುವ ಅಲುಗಾಟವನ್ನು ತಗ್ಗಿಸುವುದಕ್ಕೆ ಬದಲಾಗಿ ಹೆಚ್ಚಿಸಿ ನೋವನ್ನು ಉಲ್ಬಣಗೊಳಿಸುತ್ತಿದ್ದುದನ್ನು ತಿಳಿದು, ಅವರು ಪ್ಲೈವುಡ್ಡನ್ನು ಶಾಖ ಮತ್ತು ಒತ್ತಡಗಳಿಂದ ಬಾಗಿಸಿ ಮನುಷ್ಯನ ಕಾಲಿನ ಆಕಾರಕ್ಕೇ ಹೊಂದುವ ಹಗುರವಾದ ಪಟ್ಟಿಯೊಂದನ್ನು ನಿರ್ಮಿಸಿದರು. ಅದರಲ್ಲಿ ಕೊರೆದ ರಂಧ್ರಗಳು ಮರದ ಪದರಗಳು ಬಾಗುವಾಗ ಬಿರಿಯದಂತೆ ತಡೆಯುತ್ತಿದ್ದುವು. ಬ್ಯಾಂಡೇಜಿನ ಬಟ್ಟೆಯನ್ನು ತೂರಿಸಿ ಕಟ್ಟುವುದಕ್ಕೂ ಅವೇ ದಾರಿಯಾದುವು. ಅಮೆರಿಕದ ನೌಕಾಪಡೆಯು ಇಂಥ ಪಟ್ಟಿಗಳನ್ನು ಬಹುದೊಡ್ಡ ಸಂಖ್ಯೆಯಲ್ಲಿ ಕೊಂಡಿತು.

ಯುದ್ಧಾನಂತರ ಅದೇ ವಿದ್ಯೆಯಿಂದ ಕುರ್ಚಿಯನ್ನು ಮಾಡಹೊರಟಾಗ, ಬೆನ್ನನ್ನೂ ಪೀಠವನ್ನೂ ಒಂದೇ ಹಲಗೆಯಲ್ಲಿ ಬಾಗಿಸುವ ಅವರ ಆಸೆಗೆ ಮರವು ಒಪ್ಪಲಿಲ್ಲ. ಎರಡೂ ಸೇರುವ ಸ್ಥಳದಲ್ಲಿ ಅದು ಸೀಳಿಹೋಗುತ್ತಿದ್ದಿತು. ಆ ಬಿರುಕನ್ನು ಮೇಲಿನ ಬಟ್ಟೆಯಿಂದ ಮುಚ್ಚಿ ಮಾರುವ ಮಾರ್ಗವನ್ನು ಹಿಡಿಯದೆ, ಬೆನ್ನನ್ನು ಬೇರೆ, ಪೀಠವನ್ನು ಬೇರೆ ಮಾಡಿ, ಅವನ್ನು ಚೌಕಟ್ಟಿಗೆ ಸೇರಿಸುವಲ್ಲಿ ರಬ್ಬರಿನ ತುಂಡುಗಳನ್ನಿಟ್ಟು, ಒರಗಿದವನ ಬೆನ್ನಿಗೆ ತಕ್ಕಂತೆ ಕೊಂಚ ಬಾಗುವ ಗುಣವನ್ನು ಅದಕ್ಕೆ ತಂದುಕೊಟ್ಟರು. ಒಂದೇ ಚಿಪ್ಪಿನ ಕುರ್ಚಿಯ ಬಯಕೆಯಾದರೋ ಗಾಜಿನ ಎಳೆ ಬೆರೆಸಿದ ಪ್ಲಾಸ್ಟಿಕ್ಕು ದೊರೆತ ಮೇಲೆ, 1950ರಲ್ಲಿ, ಈಡೇರಿತು. ವಸ್ತುವಿನ ಸ್ವಭಾವಕ್ಕೆ ವಿರೋಧವಾಗಿ ನಡೆಯದ ಈ ಸಂಯಮವನ್ನು ನಾನು ಅವರ ಪ್ರತಿಭೆಗಿಂತಲೂ ದೊಡ್ಡದೆಂದು ಎಣಿಸುತ್ತೇನೆ. 1949ರಲ್ಲಿ ಲಾಸ್ ಏಂಜಲಿಸಿನ ಸಮುದ್ರತೀರದ ಸಮೀಪದಲ್ಲಿ, ನೀಲಗಿರಿ ಮರಗಳ ಸಾಲಿನ ಪಕ್ಕದಲ್ಲಿ ಅವರು ಕಟ್ಟಿಕೊಂಡ ಮನೆಯೂ ಕಾರ್ಖಾನೆಯಲ್ಲಿ ಸಿದ್ಧವಾಗಿ ದೊರೆಯುವ ಉಕ್ಕಿನ ಭಾಗಗಳಿಂದಲೇ ಆದದ್ದು. ಮೊದಲಿನ ನಕ್ಷೆಯು ಹುಲ್ಲುಗಾವಲನ್ನು ನುಂಗುವಂತಿದ್ದುದರಿಂದ, ಆ ಹುಲ್ಲುಗಾವಲನ್ನು ಪ್ರೀತಿಸತೊಡಗಿದ್ದ ಅವರು ನಕ್ಷೆಯನ್ನೇ ಬದಲಾಯಿಸಿದರು.

ಭಾರತಕ್ಕೆ ಅವರು ಬರೆದುಕೊಟ್ಟ ವರದಿಯ ಸಲಹೆಯಂತೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ಗೌತಮ್ ಸಾರಾಭಾಯಿ ಮತ್ತು ಗೀರಾ ಸಾರಾಭಾಯಿ ಎಂಬ ಸೋದರ ಸೋದರಿಯರು ಅದನ್ನು ಪೋಷಿಸಿ ಬೆಳೆಸಿದರು. ಅದೇ ವರ್ಷ ಈಮ್ಸ್ ದಂಪತಿಗಳು ಲಾಸ್ ಏಂಜಲಿಸಿನಲ್ಲಿ ಗಣಿತವನ್ನು ವಿಷಯವಾಗುಳ್ಳ ಒಂದು ಪ್ರದರ್ಶನವನ್ನು ತೆರೆದಿದ್ದರು. ಸಾವಿರಾರು ಸಣ್ಣ ಗೋಲಿಗಳು ಮೊಳೆಗಳ ನಡುವೆ ತಮಗೆ ತೋಚಿದಂತೆ ಉರುಳಿಬಿದ್ದರೂ ಕೆಳಗೆ ಪ್ರತಿಸಲವೂ ಒಂದೇ ಬಗೆಯ ದಿಬ್ಬವಾಗಿ ನಿಲ್ಲುವುದನ್ನು ಕಂಡ ಮಗುವಿಗೆ, ಸಂಭವನೀಯತೆಯ ತತ್ತ್ವವು ಸೂತ್ರದ ನೆರವಿಲ್ಲದೆಯೇ ಗೋಚರವಾಗುತ್ತಿದ್ದಿತು. ನೆಹರೂ ಅವರು 1964ರಲ್ಲಿ ಕಾಲವಾದ ಬಳಿಕ, ಅವರ ಜೀವನವನ್ನೂ ಅವರ ಭಾರತವನ್ನೂ ತೋರಿಸುವ ಪ್ರದರ್ಶನವನ್ನು ಈಮ್ಸ್ ದಂಪತಿಗಳು ಅಹಮದಾಬಾದಿನ ಸಂಸ್ಥೆಯವರೊಡನೆ ಕೂಡಿ ಸಿದ್ಧಪಡಿಸಿದರು. ಅದು 1965ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೆರೆದು ಬಳಿಕ ಇತರ ನಗರಗಳಿಗೆ ಹೋಯಿತು.

ಅಹಮದಾಬಾದಿನ ಆ ಹೊಸ ಚೇತನದ ಮತ್ತೊಂದು ಕವಲು ಕರ್ಣಾಟಕವನ್ನು ಕಟ್ಟಡದ ರೂಪದಲ್ಲಿ ಮುಟ್ಟಿತು. ಪ್ಯಾರಿಸಿನಲ್ಲಿ ಲ ಕಾರ್ಬೂಸಿಯೆಯ ಬಳಿ ಕೆಲಸಮಾಡಿ ಬಂದು ಆ ಊರಿನಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಬಾಲಕೃಷ್ಣ ದೋಷಿಯವರು, ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯನ್ನು ಕಪ್ಪುಬೂದು ಬಣ್ಣದ ಒರಟು ಕಲ್ಲಿನಿಂದ ಕಟ್ಟಿ, ತರಗತಿಗಳಿಗಿಂತ ಹೆಚ್ಚಾದ ಆದರವನ್ನು ಓಣಿಗಳಿಗೂ ಅಂಗಳಗಳಿಗೂ ಸಲ್ಲಿಸಿದರು. ಕೆಲವೆಡೆ ಮೇಲೆ ಛಾವಣಿ, ಕೆಲವೆಡೆ ಬಳ್ಳಿ ಹಬ್ಬಿದ ಚಪ್ಪರ, ಕೆಲವೆಡೆ ಬರಿಯ ಆಕಾಶ: ಹೀಗೆ ಬೆಳಕು ನೆರಳುಗಳು ಬದಲಾಗುತ್ತಿರುವ ಹಾದಿಯಲ್ಲಿ ನಡೆಯುವ ವಿದ್ಯಾರ್ಥಿಗಳು ನಿಂತು ಮಾತನಾಡಲಿ, ಗುರುವಿನ ಎದುರಿನಲ್ಲಿ ಹುಟ್ಟದ ಸಂದೇಹವು ಅಲ್ಲಿ ಹುಟ್ಟಲಿ ಎಂಬುದು ಅವರ ಉದ್ದೇಶವಾಗಿದ್ದಿತು. ಬೆಂಗಳೂರಿನ ಹವೆಯು ಸೌಮ್ಯವಾಗಿರುವುದರಿಂದಲೇ ಇದು ಸಾಧ್ಯ. ಈ ಯೋಜನೆಯನ್ನು ಬೇರೊಂದು ಊರಿನಲ್ಲಿ ಹಾಗೆಯೇ ಇಳಿಸಲಾಗದು. 2018ರಲ್ಲಿ ದೋಷಿಯವರಿಗೆ ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ ಸಂದಿತು. ಅದನ್ನು ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು.

ಆದರೆ ನಮ್ಮ ಕಣ್ಣಿಗೆ ದಿನವೂ ಬೀಳುವ ವಿನ್ಯಾಸವು ಕಟ್ಟಡವೂ ಅಲ್ಲ, ಕುರ್ಚಿಯೂ ಅಲ್ಲ, ಅಕ್ಷರ. ಕನ್ನಡದ ಅಚ್ಚುಮೊಳೆಯನ್ನು ರೂಪಿಸುವವನ ಕಷ್ಟವು ರೋಮನ್ ಲಿಪಿಯವನಿಗೆ ಇಲ್ಲ. ಗುಂಡಗಿನ ಮೈ, ಅದರ ಮೇಲೆ ತಲೆಕಟ್ಟು, ಬಲಕ್ಕೆ ದೀರ್ಘದ ಕೊಂಬು, ಕೆಳಗೆ ಒತ್ತಕ್ಷರ. ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಒತ್ತಿನೊಡನೆ ಮತ್ತೊಂದು ಒತ್ತು. ಇವಕ್ಕೆಲ್ಲ ಸ್ಥಳ ಕೊಟ್ಟರೆ ಸಾಲುಗಳು ದೂರವಾಗಿ ಪುಟವು ಚದುರುತ್ತದೆ. ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ಮುಟ್ಟುತ್ತದೆ. ಒತ್ತನ್ನು ಕಿರಿದುಮಾಡಿದರೆ ಅದರ ಒಳಗಿನ ಬಿಳಿಯು ಶಾಯಿಯಿಂದ ತುಂಬಿ, ಓದುವ ಮುದುಕರಿಗೆ ಅದು ಕೇವಲ ಒಂದು ಚುಕ್ಕೆಯಾಗುತ್ತದೆ. ಸುಲೇಖನದಲ್ಲಿ ಪಳಗಿದ ಕೈಯುಳ್ಳ ಮುಂಬಯಿಯ ಆರ್.ಕೆ. ಜೋಷಿಯವರು ಕಂಪ್ಯೂಟರಿಗಾಗಿ ರೂಪಿಸಿದ ತುಂಗಾ ಎಂಬ ಕನ್ನಡ ಅಕ್ಷರಮಾಲೆಯು ವಿಂಡೋಸಿನೊಡನೆ ಮನೆಮನೆಗೆ ಬಂದಾಗ, ಲಕ್ಷಾಂತರ ಮಂದಿ ಪರದೆಯ ಮೇಲೆ ಕನ್ನಡವನ್ನು ಮೊದಲು ಓದಿದ್ದು ಆ ಅಕ್ಷರಗಳಲ್ಲಿಯೇ. ಅನಂತರ ಹೊಸ ಅಕ್ಷರಮಾಲೆಗಳು ಹಲವು ಬಂದಿವೆ. ಆದರೂ ರೋಮನ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಚೌಕಟ್ಟಿನೊಳಗೆ ಕನ್ನಡವನ್ನು ತುರುಕಿ, ಒತ್ತಕ್ಷರದ ಪಾದವನ್ನು ಕತ್ತರಿಸಿದ ಫಲಕಗಳನ್ನೂ ಮೊಬೈಲಿನ ಪರದೆಗಳನ್ನೂ ಕಂಡಾಗ ನನಗೆ ವ್ಯಥೆಯಾಗುತ್ತದೆ.

ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಒಂದು ಶಾಖೆಯು 2007ರಿಂದ ಬೆಂಗಳೂರಿನಲ್ಲಿ, ತುಮಕೂರು ರಸ್ತೆಯ ಸಮೀಪದಲ್ಲಿ ನಡೆಯುತ್ತಿದೆ. ಅಲ್ಲಿ ಕಲಿಯುವ ತರುಣ ತರುಣಿಯರು ಮೊದಲು ಕೈಗೆತ್ತಿಕೊಳ್ಳಬೇಕಾದ ಕೆಲಸಗಳಲ್ಲಿ, ಬರುತ್ತಿರುವ ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು ಎಷ್ಟು ದೂರದಿಂದ ಓದಬರುತ್ತದೆ, ಆಗ ಒತ್ತಕ್ಷರದ ಗೆರೆಯು ಎಷ್ಟು ದಪ್ಪವಿರಬೇಕು, ಸಂಜೆಯ ಮಬ್ಬಿನಲ್ಲಿ ‘ವ’ಕಾರವು ‘ಪ’ಕಾರವಾಗಿ ಕಾಣದಿರಲು ಎರಡಕ್ಕೂ ನಡುವೆ ಯಾವ ಭೇದವನ್ನು ಎತ್ತಿತೋರಿಸಬೇಕು ಎಂಬವು ಸೇರಬೇಕು, ಅವರು ಅಳೆಯುವುದನ್ನು ಬಸ್‌ನಿಲ್ದಾಣದಲ್ಲಿ, ಕಾಯುತ್ತಿರುವವರ ಪಕ್ಕದಲ್ಲಿ ನಿಂತು ಅಳೆಯಬೇಕು.