ಆಂಗ್ಲಭಾಷೆಯ ಪರೀಕ್ಷೆಗೆ ಮನೆಯಲ್ಲಿ ಸಿದ್ಧತೆ

ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಣ ನಮ್ಮ ರಾಜೇಶ್ವರದಲ್ಲಿ ಹಿರಿಯರ ಕಾಲಕ್ಕೆ ಸರಕಾರಿ ಉದ್ಯೋಗವನ್ನು ಬಯಸುವವರು ಉರ್ದುವನ್ನು ಕಲಿಯಬೇಕಾಗಿದ್ದಿತು. ನಿಜಾಮರ ಕಚೇರಿಗಳ ಭಾಷೆ ಅದೇ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಅದರಲ್ಲಿಯೇ. 1956ರಲ್ಲಿ ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ ಕನ್ನಡಕ್ಕೆ ಆ ಸ್ಥಾನವು ಬಂದಿತು. ಈಗಿನ ಮಕ್ಕಳ ದೃಷ್ಟಿಯಾದರೋ ಸಮುದ್ರದಾಚೆಗೂ ಹರಿದಿರುವುದು.

ನನ್ನ ತಮ್ಮನ ಮಗಳು ನರ್ಸಿಂಗ್ ಪದವೀಧರೆ. ಬ್ರಿಟನ್ನಿನಲ್ಲಿ ದಾದಿಯಾಗಬಯಸುವವರು ಸಾಮಾನ್ಯವಾಗಿ ಐಇಎಲ್‌ಟಿಎಸ್ ಎಂಬ ಪರೀಕ್ಷೆಯನ್ನೋ, ವೈದ್ಯವೃತ್ತಿಯವರಿಗಾಗಿಯೇ ಇರುವ ಓಇಟಿಯನ್ನೋ ಕೊಡುವರು. ಇವಳು ಮೊದಲನೆಯದನ್ನು ಆರಿಸಿಕೊಂಡಳು. ಅದರಲ್ಲಿ ಶ್ರವಣ, ಪಠನ, ಲೇಖನ, ಸಂಭಾಷಣೆ ಎಂದು ನಾಲ್ಕು ಭಾಗಗಳು. ಪರಮಾವಧಿ ಅಂಕ 9. ದಾದಿಯರಿಗೆ ಲೇಖನದಲ್ಲಿ 6.5, ಉಳಿದ ಮೂರರಲ್ಲಿ 7 ಬೇಕು. ಹೈದರಾಬಾದಿಗೆ ಹೋಗಿ ಬರೆದು ಬಂದಳು. ಮೂರರಲ್ಲಿ ಗೆದ್ದಳು, ಲೇಖನದಲ್ಲಿ 6 ಬಂದಿತು. ಅರ್ಧ ಅಂಕಕ್ಕೆ ಹದಿನೈದು ಸಾವಿರ ರೂಪಾಯಿಗೂ ಮಿಕ್ಕಿದ ಶುಲ್ಕವು ನೀರುಪಾಲಾಯಿತು.

ತಪ್ಪು ನನ್ನದು. ಅಮರಕೋಶವನ್ನೂ ಶಬ್ದಮಂಜರಿಯನ್ನೂ ಬಾಯಿಪಾಠ ಮಾಡಿ ಬೆಳೆದ ನಾನು, ಅದೇ ಮಾರ್ಗದಿಂದ ಅವಳಿಗೆ ಹತ್ತು ಪ್ರಬಂಧಗಳನ್ನು ಕಂಠಸ್ಥ ಮಾಡಿಸಿದ್ದೆನು. ಪರೀಕ್ಷೆಯಲ್ಲಿ ನಗರದ ವಾಹನಗಳ ಮೇಲೆ ತೆರಿಗೆ ಹಾಕಬೇಕೆ ಎಂದು ಕೇಳಿದರೆ, ಪರಿಸರಮಾಲಿನ್ಯದ ಪ್ರಬಂಧವನ್ನು ಇಳಿಸಿ ಬಂದಿದ್ದಳು. “ದೊಡ್ಡಪ್ಪಾ, ನೀವು ಕಲಿಸಿದ್ದೆಲ್ಲಾ ಬರದೆ, ಅವರು ಕೇಳಿದ್ದೇ ಬರೀಲಿಲ್ಲ” ಎಂದಳು. ಕಂಠಪಾಠದ ಉತ್ತರಕ್ಕೆ ಅಲ್ಲಿ ಮನ್ನಣೆಯಿಲ್ಲವೆಂಬುದನ್ನು ನಾನು ಮೊದಲೇ ವಿಚಾರಿಸಬೇಕಾಗಿದ್ದಿತು.

ಈಗ ಕ್ರಮವನ್ನು ಬದಲಿಸಿದ್ದೇವೆ. ಲೇಖನಕ್ಕೆ ಒಟ್ಟು 60 ನಿಮಿಷ, ಎರಡು ಪ್ರಶ್ನೆಗಳು. ಎರಡನೆಯದಕ್ಕೆ 250 ಶಬ್ದಗಳಾದರೂ ಬೇಕು, ಮೊದಲನೆಯದರ ಇಮ್ಮಡಿ ತೂಕವೂ ಅದಕ್ಕುಂಟು. ಆದುದರಿಂದ ಅದಕ್ಕೆ 40 ನಿಮಿಷ ಮೀಸಲು. ಗಡಿಯಾರವನ್ನು ಮುಂದಿಟ್ಟುಕೊಂಡು ಅವಳು ಬರೆಯುವಳು; ಪ್ರಶ್ನೆಗೆ ಸಂಬಂಧಿಸದ ವಾಕ್ಯವನ್ನು ನಾನು ಹೊಡೆದುಹಾಕುವೆನು. ಮೊದಲ ವಾರ ಕಾಗದದಲ್ಲಿ ಉಳಿದ ವಾಕ್ಯಗಳಿಗಿಂತ ಅಳಿದವೇ ಹೆಚ್ಚು! ನಾನು ಮೆಚ್ಚಿ ಕಲಿಸಿದ್ದ ಅಲಂಕಾರಗಳೇ ಅವುಗಳಲ್ಲಿ ಬಹಳ.

ಶ್ರವಣದಲ್ಲಿ ಧ್ವನಿಯನ್ನು ಒಂದೇ ಸಲ ಕೇಳಿಸುವರು. ಆದಕಾರಣ ರಾತ್ರಿ ಊಟವಾದ ಮೇಲೆ ಇಂಗ್ಲಿಷ್ ವಾರ್ತೆಯನ್ನು ಒಮ್ಮೆ ಮಾತ್ರ ಕೇಳಿ, ಕೇಳಿದುದನ್ನು ಮನೆಯವರಿಗೆ ಹೇಳಬೇಕು. ಅವಳ ತಾಯಿಗೆ ಇಂಗ್ಲಿಷ್ ಬಾರದು. ಆದರೂ ಅಕ್ಕಿ ಆರಿಸುತ್ತ ಆಕೆ ಕೇಳುವ ಪ್ರಶ್ನೆಗಳು ನನ್ನವಕ್ಕಿಂತ ಹರಿತವಾಗಿರುತ್ತವೆ.

ಸಂಭಾಷಣೆಯು 11ರಿಂದ 14 ನಿಮಿಷ. ಅದರ ನಡುವೆ ಒಂದು ವಿಷಯವನ್ನು ಕೊಟ್ಟು, ಯೋಚಿಸಲು ಒಂದು ನಿಮಿಷವಿತ್ತು, ಎರಡು ನಿಮಿಷದವರೆಗೆ ಮಾತಾಡಿಸುವರು. ನಮ್ಮ ಸೀಮೆಯ ನಾಲಗೆ ‘ಸ್ಕೂಲ್’ ಎಂಬುದನ್ನು ‘ಇಸ್ಕೂಲ್’ ಎನ್ನುವುದು. ಇಲ್ಲಿ ಮಾತ್ರ ನನ್ನ ಸಂಸ್ಕೃತವು ಉಪಯೋಗಕ್ಕೆ ಬಂದಿತು. ನಮ್ಮ ವಕಾರವು ದಂತೋಷ್ಠ್ಯ. ಇಂಗ್ಲಿಷಿನಲ್ಲಿ ‘ವಾಟರ್’ ಎನ್ನುವಾಗ ಹಲ್ಲು ತಾಗಕೂಡದು, ತುಟಿಗಳು ಮಾತ್ರ ದುಂಡಗಾಗಬೇಕು. ಕನ್ನಡಿಯ ಮುಂದೆ ನಿಂತು ಇಬ್ಬರೂ ಅಭ್ಯಾಸ ಮಾಡಿದೆವು. ಅವಳಿಗೆ ಬೇಗ ಬಂದಿತು, ನನಗಿನ್ನೂ ಇಲ್ಲ.

ಮುಂದಿನ ತಿಂಗಳು ಮರುಪರೀಕ್ಷೆ. ಈ ಸಲದ ಶುಲ್ಕವನ್ನು ನನ್ನ ಪಿಂಚಣಿಯಿಂದಲೇ ಕಟ್ಟಿದ್ದೇನೆ.