ರೋಗನಿರೋಧಕ ಶಕ್ತಿ ಹೆಚ್ಚಿದ್ದರಷ್ಟೇ ಸಾಲದು, ಹದವಾಗಿರಬೇಕು!

‘ಮಗುವಿಗೆ ಪದೇ ಪದೇ ನೆಗಡಿ, ಇಮ್ಯೂನಿಟಿ ಹೆಚ್ಚಿಸೋಕೆ ಏನು ಕೊಡಲಿ?’ ಎಲ್ಲ ಅಮ್ಮಂದಿರ ಪ್ರಶ್ನೆ ಇದು. ಆದರೆ ಅದೇ ಶಕ್ತಿ ಹದ ತಪ್ಪಿದರೆ ನಮ್ಮ ದೇಹದ ಮೇಲೆಯೇ ತಿರುಗಿ ಬೀಳುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುವ ಹಾಶಿಮೊಟೊ, ಬೆರಳಿನ ಗೆಣ್ಣು ಊದಿಸುವ ರುಮಟಾಯ್ಡ್ ಸಂಧಿವಾತ, ಲೂಪಸ್ ಎಲ್ಲವೂ ಇಂಥ ಕಾಯಿಲೆಗಳೇ. ಗಂಡಸರಿಗಿಂತ ಹೆಂಗಸರಲ್ಲೇ ಇವು ಹೆಚ್ಚು.

ಹೊಡೆಯುವವರು, ತಡೆಯುವವರು

ಬಿಳಿ ರಕ್ತಕಣಗಳಲ್ಲಿ ‘ಟಿ ಕಣ’ಗಳೆಂಬ ಪಡೆಯಿದೆ. ಕೆಲವು ರೋಗಾಣುಗಳ ಮೇಲೆ ಮುಗಿಬೀಳುತ್ತವೆ. ಇನ್ನು ಕೆಲವು, ‘ಸಾಕು, ಇವರು ನಮ್ಮವರೇ’ ಅಂತ ಅವನ್ನು ಸುಮ್ಮನಾಗಿಸುತ್ತವೆ. ಇವೇ ನಿಯಂತ್ರಕ ಟಿ ಕಣಗಳು. 1995ರಲ್ಲಿ ಇವನ್ನು ಗುರುತಿಸಿದ ಜಪಾನಿನ ಶಿಮೋನ್ ಸಕಗುಚಿ, ಇವಕ್ಕೆ ಅಗತ್ಯವಾದ ಜೀನ್ ಪತ್ತೆಹಚ್ಚಿದ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿದೆ.

ಒಂದಕ್ಕೆ ದೊಡ್ಡ ಉರಿ, ಒಂದಕ್ಕೆ ಸಣ್ಣ ಉರಿ

ಹೊಡೆದಾಡುವ ಕಣಗಳಿಗೆ ಆತುರ. ರಕ್ತದಲ್ಲಿರುವ ಗ್ಲೂಕೋಸನ್ನು ಗಬಗಬನೆ ಬಳಸಿ ಬೇಗ ಬೇಗ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ತಡೆಯುವ ಕಣಗಳು ಬಹುಮಟ್ಟಿಗೆ ಕೊಬ್ಬಿನಂಶವನ್ನು ಆಮ್ಲಜನಕದ ನೆರವಿನಿಂದ ನಿಧಾನವಾಗಿ ಉರಿಸುತ್ತವೆ. ಯಾವ ಇಂಧನ ಬಳಸುತ್ತದೆ ಎನ್ನುವುದರ ಮೇಲೂ ಕಣದ ಸ್ವಭಾವ ನಿಂತಿದೆ.

ಹಾಗಂತ ಸಕ್ಕರೆ ಬಿಟ್ಟು ತುಪ್ಪ ಸುರಿದುಕೊಂಡರೆ ಎಲ್ಲ ಸರಿಹೋಗುತ್ತೆ ಅಂದುಕೊಳ್ಳಬೇಡಿ. ನೀವು ಸಿಹಿ ಬಿಟ್ಟರೂ ರಕ್ತದ ಗ್ಲೂಕೋಸನ್ನು ದೇಹ ತಾನೇ ಒಂದು ಮಟ್ಟದಲ್ಲಿ ಕಾಪಾಡಿಕೊಳ್ಳುತ್ತದೆ.

ಅಡುಗೆಮನೆಯ ಪಾಲೆಷ್ಟು?

ನಾವು ತಿಂದ ನಾರಿನಂಶವನ್ನು ಕರುಳಿನ ಬ್ಯಾಕ್ಟೀರಿಯಾ ಹುಳಿಯಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ಅದು ಕರುಳಿನಲ್ಲಿ ತಡೆಯುವ ಕಣಗಳನ್ನು ಹೆಚ್ಚಿಸುತ್ತದೆ ಎಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಮನುಷ್ಯರಿಗೆ ಇದನ್ನೇ ಔಷಧಿ ಎನ್ನುವಂತಿಲ್ಲ. ಆದರೆ ನಾರಿನ ಊಟದಿಂದ ಲಾಭವಂತೂ ಉಂಟು.

ನೆನಪಿಡಿ

* ರಾಗಿ, ಇಡೀ ಕಾಳು, ಸೊಪ್ಪು, ತರಕಾರಿ ದಿನವೂ ಇರಲಿ. ಅಭ್ಯಾಸವಿಲ್ಲದವರು ನಿಧಾನವಾಗಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ.

* ‘ಇಮ್ಯೂನಿಟಿ ಬೂಸ್ಟರ್’ ಡಬ್ಬಿಗಳಿಗೆ ಮರುಳಾಗಬೇಡಿ. ಇಂಥ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

* ಬೆಳಿಗ್ಗೆ ಎದ್ದಾಗ ಬೆರಳು ಅರ್ಧ ಗಂಟೆಗೂ ಹೆಚ್ಚು ಕಾಲ ಬಿಗಿದುಕೊಂಡಿದ್ದರೆ, ಕಾರಣವಿಲ್ಲದ ಸುಸ್ತು ವಾರಗಟ್ಟಲೆ ಕಾಡಿದರೆ ‘ಮನೆಗೆಲಸದ ಆಯಾಸ’ ಅಂತ ತಳ್ಳಿಹಾಕಬೇಡಿ, ತೋರಿಸಿಕೊಳ್ಳಿ.

* ಊಟ ಬದಲಿಸಿದೆವು ಅಂತ ಮಾತ್ರೆ ನಿಲ್ಲಿಸಬೇಡಿ. ನೋವು ಕಡಿಮೆಯಾದರೂ ಒಳಗೊಳಗೇ ಕೀಲು ಸವೆಯುತ್ತಿರಬಹುದು.

ಸಾರಿಗೆ ಉಪ್ಪಿನಂತೆ ರೋಗನಿರೋಧಕ ಶಕ್ತಿಯೂ ಹದವಾಗಿದ್ದರೇ ಚೆನ್ನ!