ಜೀವಕೋಶದೊಳಗಿನ ಬೀಸುಕಲ್ಲು

ಸೃಷ್ಟಿಯನ್ನು ಕೊಂಡಾಡುವಷ್ಟು ಲಯವನ್ನು ಕೊಂಡಾಡುವುದು ನಮ್ಮ ರೂಢಿಯಲ್ಲ. ಜೀವಶಾಸ್ತ್ರವೂ ಬಹುಕಾಲ ಇದೇ ಹಾದಿಯಲ್ಲಿ ನಡೆಯಿತು. ಡಿ.ಎನ್.ಎ.ಯಲ್ಲಿ ಅಡಗಿರುವ ಆದೇಶವು ಆರ್.ಎನ್.ಎ. ಎಂಬ ಓಲೆಯಾಗಿ ಹೊರಡುವ ಬಗೆಯನ್ನೂ, ಆ ಓಲೆಯಂತೆ ಪ್ರೋಟೀನು ಸಿದ್ಧವಾಗುವ ಬಗೆಯನ್ನೂ ವಿಜ್ಞಾನಿಗಳು ಆಸ್ಥೆಯಿಂದ ಅರಸಿದರು. ಓದಿ ಮುಗಿದ ಓಲೆ ಏನಾಗುತ್ತದೆ ಎಂಬ ಪ್ರಶ್ನೆ ಹಿಂದೆ ಬಿದ್ದಿತು. ಅದಕ್ಕೆ ದೊರೆತ ಉತ್ತರಗಳಲ್ಲಿ ಒಂದನ್ನು ನಾನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಓಲೆಗಳು ಅಳಿಯಲೇಬೇಕು. ನಿನ್ನೆಯ ಆಜ್ಞೆ ಇಂದೂ ಉಳಿದರೆ ಕೋಶವು ಬೇಡದ ಪ್ರೋಟೀನನ್ನೇ ಕಟ್ಟುತ್ತ ಕೂರುತ್ತದೆ. ತಪ್ಪಾಗಿ ಬರೆದ ಓಲೆಗಳನ್ನೂ, ಬರೆಯುವಾಗ ಉಳಿದ ಚೂರುಗಳನ್ನೂ ತೆಗೆಯಬೇಕು. ಹಾಗೆಂದು, ಕಂಡ ಓಲೆಯನ್ನೆಲ್ಲ ಹರಿಯುವ ಕಿಣ್ವವನ್ನು ಕೋಶದೊಳಗೆ ಸ್ವೇಚ್ಛೆಯಾಗಿ ಬಿಟ್ಟರೆ ಬದುಕೇ ಉಳಿಯದು. ಕತ್ತಿಯೂ ಬೇಕು, ಒರೆಯೂ ಬೇಕು.

ಎರಡನ್ನೂ ಒಂದುಗೂಡಿಸಿದ ಪ್ರೋಟೀನು ಸಮೂಹವೊಂದನ್ನು ಡೇವಿಡ್ ಟಾಲರ್ವಿ ಮತ್ತು ಅವರ ಸಂಗಡಿಗರು 1997ರಲ್ಲಿ ಯೀಸ್ಟ್ ಕೋಶಗಳಲ್ಲಿ ಗುರುತಿಸಿ, ಎಕ್ಸೊಸೋಮ್ ಎಂದು ಹೆಸರಿಟ್ಟರು. 2006ರಲ್ಲಿ ಕ್ರಿಸ್ಟೋಫರ್ ಲೀಮಾ ಅವರ ತಂಡವು ಮನುಷ್ಯನ ಎಕ್ಸೊಸೋಮಿನ ತಿರುಳನ್ನು ಹರಳುಗಟ್ಟಿಸಿ, ಕ್ಷ-ಕಿರಣಗಳ ನೆರವಿನಿಂದ ಅದರ ಆಕಾರವನ್ನು ಕಂಡುಕೊಂಡಿತು. ಆರು ಪ್ರೋಟೀನುಗಳು ಬಳೆಯಂತೆ ಸುತ್ತುಗಟ್ಟಿ ನಿಂತಿವೆ. ಮೂರು ಪ್ರೋಟೀನುಗಳು ಅದರ ಮೇಲೆ ಮುಚ್ಚಳದಂತೆ ಕುಳಿತಿವೆ. ನಡುವೆ ಕಿರಿದಾದ ಕೊಳವೆ. ಬಿಡಿಸಿದ ಒಂಟಿ ಎಳೆಗಷ್ಟೇ ಅಲ್ಲಿ ದಾರಿ. ಮಡಿಚಿ ಸುತ್ತಿಕೊಂಡ ಆರ್.ಎನ್.ಎ.ಗೆ ಪ್ರವೇಶವಿಲ್ಲ.

ನಮ್ಮ ಹಿರಿಯರ ಮನೆಗಳಲ್ಲಿದ್ದ ಬೀಸುಕಲ್ಲನ್ನು ನೆನೆಯಿರಿ. ಮೇಲಿನ ಕುಳಿಗೆ ಬಿದ್ದ ಕಾಳು ಮಾತ್ರ ಹಿಟ್ಟಾಗುತ್ತದೆ. ಪಕ್ಕಕ್ಕೆ ಸಿಡಿದದ್ದು ಕಾಳಾಗಿಯೇ ಉಳಿಯುತ್ತದೆ. ಎಕ್ಸೊಸೋಮಿನ ನಿಯಮವೂ ಬಹುಮಟ್ಟಿಗೆ ಇದೇ.

ಆದರೆ ಒಂದು ವಿಸ್ಮಯವಿದೆ. ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಲ್ಲಿಯೂ ಇಂಥ ಬಳೆಯುಂಟು. ಅಲ್ಲಿ ಬಳೆಯೇ ಆರ್.ಎನ್.ಎ.ಯನ್ನು ಕಡಿಯುತ್ತದೆ. ಮನುಷ್ಯನಲ್ಲಿ ಈ ಒಂಬತ್ತೂ ಪ್ರೋಟೀನುಗಳಿಗೆ ಹಲ್ಲಿಲ್ಲ. ಕಡಿಯುವ ಕೆಲಸ ತಳದಲ್ಲಿ ಅಂಟಿಕೊಂಡ ಡಿಸ್‌3 ಎಂಬ ಕಿಣ್ವದ್ದು. ಕೋಶಕೇಂದ್ರದಲ್ಲಿ ಮೇಲ್ಗಡೆ ಆರ್‌ಆರ್‌ಪಿ6 ಎಂಬ ಇನ್ನೊಂದು ಕಿಣ್ವವೂ ಸೇರುತ್ತದೆ. ಎಮ್‌ಟಿಆರ್‌4 ಎಂಬ ಪ್ರೋಟೀನು ಬಾಯಿಯ ಬಳಿ ನಿಂತು, ಕೋಶದ ಶಕ್ತಿಯನ್ನು ವ್ಯಯಿಸಿ, ಆರ್.ಎನ್.ಎ.ಯ ಸಿಕ್ಕನ್ನು ಬಿಡಿಸಿಕೊಡುತ್ತದೆ. 2013ರಲ್ಲಿ ಜರ್ಮನಿಯ ಎಲೆನಾ ಕಾಂಟಿ ಅವರ ಬಳಗವು ಯೀಸ್ಟಿನ ಎಕ್ಸೊಸೋಮಿನೊಳಗೆ ಎಳೆ ಹಾದುಹೋಗಿರುವ ಚಿತ್ರವನ್ನೇ ಬಿಡಿಸಿ ತೋರಿಸಿತು. ಸುಮಾರು 30 ಅಕ್ಷರಗಳಷ್ಟು ಉದ್ದದ ಹಾದಿಯನ್ನು ಬಾಲ ಮುಂದಾಗಿ ದಾಟಿದ ಎಳೆಯ ತುದಿಯು ತಳದಲ್ಲಿರುವ ಡಿಸ್‌3ಗೆ ಸಿಕ್ಕುತ್ತದೆ. ಅಲ್ಲಿ ಒಂದೊಂದೇ ಅಕ್ಷರ ಕಳಚುತ್ತದೆ. 2018ರಲ್ಲಿ ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಮನುಷ್ಯನ ಎಕ್ಸೊಸೋಮು ಎಮ್‌ಟಿಆರ್‌4 ಸಮೇತ ಕಾಣಿಸಿಕೊಂಡಿತು.

ಕಡಿಯಲಾರದ ಒಂಬತ್ತನ್ನು ಜೀವವಿಕಾಸವು ಏಕೆ ಕಾಪಾಡಿಕೊಂಡು ಬಂದಿತು? ಇದಕ್ಕೊಂದು ಕಠೋರವಾದ ಉತ್ತರ 2012ರಲ್ಲಿ ದೊರೆಯಿತು. ಕೆಲವು ಹಸುಳೆಗಳಲ್ಲಿ ಹುಟ್ಟಿನಿಂದಲೇ ಕಿರಿಮೆದುಳು ಕುಗ್ಗಿರುತ್ತದೆ. ಸ್ನಾಯುಗಳನ್ನು ನಡೆಸುವ ಬೆನ್ನುಹುರಿಯ ನರಕೋಶಗಳು ನಶಿಸುತ್ತವೆ. ಅನೇಕರು ಎಳವೆಯಲ್ಲೇ ತೀರಿಕೊಳ್ಳುತ್ತಾರೆ. ಅವರಲ್ಲಿ ಹಲವರ ದೋಷವಿದ್ದುದು ಎಕ್ಸೊಸೋಮಿನ ಮುಚ್ಚಳದ ಮೂರು ಪ್ರೋಟೀನುಗಳಲ್ಲಿ ಒಂದಾದ ಆರ್‌ಆರ್‌ಪಿ40ರಲ್ಲಿ. ಅದು ಏನನ್ನೂ ಕಡಿಯುವುದಿಲ್ಲ. ಬಾಗಿಲಿನ ಚೌಕಟ್ಟಿನ ಒಂದು ಮರವಷ್ಟೇ. ಆ ಮರ ಸಡಿಲಿದರೆ ಒಂದು ಮಗುವಿನ ಬಾಳು ಕುಸಿಯುತ್ತದೆ. ಅಳಿಸುವ ಕೆಲಸದಲ್ಲಿಯೂ ಕತ್ತಿಯಷ್ಟೇ ಬಾಗಿಲೂ ಮುಖ್ಯವೆಂದು ನಾನು ಇದರಿಂದ ತಿಳಿಯುತ್ತೇನೆ.